ಇಬ್ಬರು ಹುಲಿಗೆಪ್ಪರು

"ಗುರುಗಳೇ, ಯಾರೂ ಹೆಸರು ಹಿಡಿದು ಕರೆಯದ ಮೆಥಡ್ ಒಂದನ್ನು ಇಷ್ಟು ಯೋಚಿಸಿ ಯಾಕೆ ಬರೆಯಬೇಕು?" ಎಂದು ಸಂಗನಬಸವ ಕೇಳಿದ.

ಅವನು ಗುರುಗಳ ಬಳಿ ಪೈಥಾನ್ ಕಲಿಯುತ್ತಿದ್ದ. ಒಂದು ವಿದ್ಯಾರ್ಥಿನಿಲಯದ ಮಕ್ಕಳ ಹಾಜರಿಗೆ ಪ್ರೋಗ್ರಾಂ ಬರೆಯುವ ಕೆಲಸ ಒಪ್ಪಿಕೊಂಡಿದ್ದ. ವಿದ್ಯಾರ್ಥಿ ಎಂಬ ಕ್ಲಾಸ್ ಬರೆದು, ಅದರೊಳಗೆ ಇಬ್ಬರು ಒಬ್ಬರೇ ಹೌದೇ ಎಂದು ಹೇಳುವ __eq__ ಎಂಬ ಮೆಥಡ್ ಅನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದ. ಗುರುಗಳು ಆ ಸಾಲನ್ನು ಮೂರು ಸಲ ಅಳಿಸಿ, ಮತ್ತೆ ಬರೆ ಎಂದಿದ್ದರು. ತಪ್ಪೇನೆಂದು ಹೇಳಿರಲಿಲ್ಲ.

"ಹಿಂದೆ ಎರಡು ಗೆರೆ, ಮುಂದೆ ಎರಡು ಗೆರೆ ಇರುವ ಈ ಮೆಥಡ್‌ಗಳನ್ನು ನಾವು ಕರೆಯುವುದಿಲ್ಲ, ಪೈಥಾನ್ ತಾನೇ ಕರೆದುಕೊಳ್ಳುತ್ತದೆ ಎಂದು ನೀವೇ ಹೇಳಿದಿರಿ. ನನ್ನ ಸಾಲು ಓಡುತ್ತಿದೆ. ದೋಷ ತೋರಿಸುತ್ತಿಲ್ಲ. ಇನ್ನೇನು ಬೇಕು?"

"ಕೂತುಕೋ" ಎಂದರು ಗುರುಗಳು. ಆಮೇಲೆ ಈ ಕತೆ ಹೇಳಿದರು.

ದಾಕ್ಷಾಯಣಿ ಎಂಬ ಒಬ್ಬ ಪ್ರೋಗ್ರಾಮರ್ ಇದ್ದಳು. ಒಂದು ಸಣ್ಣ ಪಟ್ಟಣದಲ್ಲಿ ಒಬ್ಬಳೇ ಕೆಲಸ ಮಾಡುತ್ತಿದ್ದಳು. ಹಾಲಿನ ಡೇರಿಗೆ, ಔಷಧಿ ಅಂಗಡಿಗೆ, ಟೈಲರಿಂಗ್ ಶಾಲೆಗೆ, ಹೀಗೆ ಕೇಳಿದವರಿಗೆ ಕೇಳಿದ್ದನ್ನು ಬರೆದುಕೊಡುತ್ತಿದ್ದಳು. ಕೈ ಚುರುಕು. ಒಪ್ಪಿದ ದಿನಕ್ಕೆ ಕೆಲಸ ಮುಗಿಸಿಕೊಡುವವಳು ಎಂದು ಹೆಸರಾಗಿತ್ತು.

ಆ ಪಟ್ಟಣದಿಂದ ಒಂದು ಗಂಟೆಯ ದಾರಿಯಲ್ಲಿ ಕಲ್ಲಿನ ಕ್ವಾರಿ ಇತ್ತು. ನಲವತ್ತು ಜನ ಅದರೊಳಗೆ ಇಳಿದು ದುಡಿಯುತ್ತಿದ್ದರು. ದಿನಾ ಮಧ್ಯಾಹ್ನ ಬಂಡೆ ಸಿಡಿಸುತ್ತಿದ್ದರು. ಸಿಡಿಸುವ ಮೊದಲು ಸೈರನ್ ಕೂಗುತ್ತಿತ್ತು. ಸೈರನ್ ಕೇಳಿದ ಕೂಡಲೇ ಎಲ್ಲರೂ ಮೇಲೆ ಬರಬೇಕು. ಒಬ್ಬರೂ ಒಳಗಿಲ್ಲ ಎಂದು ಖಾತ್ರಿಯಾದ ಮೇಲೆ ಮೌಲಾಸಾಬ್ ಎಂಬ ಮೇಸ್ತ್ರಿ ಗುಂಡಿ ಒತ್ತಿ ಮದ್ದು ಸಿಡಿಸುತ್ತಿದ್ದ.

ಖಾತ್ರಿ ಮಾಡಿಕೊಳ್ಳಲು ಹಿತ್ತಾಳೆಯ ಬಿಲ್ಲೆಗಳಿದ್ದವು. ಇಳಿಯುವವನು ಗೇಟಿನ ಹಲಗೆಯಿಂದ ಒಂದು ಬಿಲ್ಲೆ ತೆಗೆದುಕೊಳ್ಳಬೇಕು. ಮೇಲೆ ಬಂದವನು ಅದನ್ನು ಮೊಳೆಗೆ ತೂಗುಹಾಕಬೇಕು. ಎಲ್ಲ ಮೊಳೆಗಳಲ್ಲೂ ಬಿಲ್ಲೆ ಇದ್ದರೆ ಒಳಗೆ ಯಾರೂ ಇಲ್ಲ ಎಂದು ಅರ್ಥ. ಆದರೆ ಬಿಲ್ಲೆಗಳು ಕಳೆಯುತ್ತಿದ್ದವು. ಯಾರಾದರೂ ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋದರೆ ಆ ದಿನದ ಕೆಲಸವೇ ನಿಲ್ಲುತ್ತಿತ್ತು. ಕ್ವಾರಿಯ ಮಾಲೀಕನಿಗೆ ಇದು ಸಾಕಾಯಿತು. ಅವನು ದಾಕ್ಷಾಯಣಿಯನ್ನು ಕರೆಸಿ, ಫೋನಿನಲ್ಲೇ ಎಲ್ಲ ಗೊತ್ತಾಗುವಂತೆ ಮಾಡಿಕೊಡು ಎಂದ.

ಅವಳು ತನ್ನ ಮನೆಯ ಮೇಜಿನ ಮುಂದೆ ಕುಳಿತು ಬರೆದಳು. ಕೆಲಸಗಾರ ಎಂಬ ಕ್ಲಾಸ್ ಮಾಡಿದಳು. ಹೊಸ ಕೆಲಸಗಾರನನ್ನು ಬರೆದಾಗ ಓಡುವ __init__ ನಲ್ಲಿ ಅವನ ಹೆಸರು ಮತ್ತು ಊರು ತುಂಬಿಸಿದಳು. ಇಳಿದವರನ್ನೆಲ್ಲ ಸೆಟ್ ಎಂಬ ಒಂದು ಗುಂಪಿನಲ್ಲಿ ಸೇರಿಸಿದಳು. ಮೇಲೆ ಬಂದವರನ್ನು ಅದರಿಂದ ತೆಗೆದಳು. ಸೆಟ್ ಬರಿದಾದರೆ ಫೋನಿನ ಪರದೆ ಹಸಿರಾಗಬೇಕು, ಒಬ್ಬನಿದ್ದರೂ ಕೆಂಪಾಗಿರಬೇಕು.

ಇಪ್ಪತ್ತು ಹೆಸರು ಹಾಕಿ ನೋಡಿದಳು. ಮೊದಲನೆಯವನನ್ನು ಹೊರಗೆ ತಂದ ಕೂಡಲೇ, ಇವನು ಒಳಗೇ ಇಲ್ಲ ಎಂದು ಪ್ರೋಗ್ರಾಂ ನಿಂತಿತು; ಪರದೆ ಕೆಂಪಾಗಿಯೇ ಇತ್ತು.

ಕಾರಣ ಅವಳಿಗೆ ಬೇಗ ತಿಳಿಯಿತು. ಬೆಳಿಗ್ಗೆ ಇಳಿಯುವಾಗ ಬರೆದ ರಾಮಣ್ಣ ಒಂದು ಆಬ್ಜೆಕ್ಟ್. ಮಧ್ಯಾಹ್ನ ಮೇಲೆ ಬರುವಾಗ ಬರೆದ ರಾಮಣ್ಣ ಇನ್ನೊಂದು ಆಬ್ಜೆಕ್ಟ್. ಇಬ್ಬರೂ ಒಬ್ಬನೇ ಎಂದು ಪೈಥಾನ್‌ಗೆ ಯಾರೂ ಹೇಳಿರಲಿಲ್ಲ. ಹೇಳದಿದ್ದರೆ ಅದು ಎರಡನ್ನೂ ಬೇರೆ ಎಂದೇ ತಿಳಿಯುತ್ತದೆ.

ಅವಳು __eq__ ಬರೆದಳು. ಹೆಸರು ಒಂದೇ, ಊರು ಒಂದೇ ಆದರೆ ಮನುಷ್ಯನೂ ಒಬ್ಬನೇ ಎಂದಳು. ಬರೆಯಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಓಡಿಸಿದಾಗ ಬೇರೊಂದು ದೋಷ ಬಂತು. ಎರಡು ಆಬ್ಜೆಕ್ಟ್ ಒಂದೇ ಎನ್ನುವುದು ಯಾವಾಗ ಎಂದು ನೀನು ಹೇಳಿದ ಮೇಲೆ, ಅವನ್ನು ಸೆಟ್‌ನಲ್ಲಿ ಹುಡುಕುವ ಗುರುತನ್ನೂ ನೀನೇ ಹೇಳಬೇಕು ಎಂಬುದು ಪೈಥಾನ್‌ನ ನಿಯಮ. ಅವಳು __hash__ ಅನ್ನೂ ಬರೆದಳು. ಅದೇ ಹೆಸರು, ಅದೇ ಊರು. ದೋಷ ಹೋಯಿತು.

ಇನ್ನೊಂದು ಸಣ್ಣ ತೊಡಕಿತ್ತು. ಫೋನ್ ಹಿಡಿದು ಗೇಟಿನಲ್ಲಿ ನಿಲ್ಲುವವನು ಅವಸರದಲ್ಲಿ ಒಬ್ಬನ ಹೆಸರನ್ನು ಎರಡು ಸಲ ಒತ್ತಿದರೆ, ಇವನು ಒಳಗೇ ಇಲ್ಲವಲ್ಲ ಎಂದು ಪ್ರೋಗ್ರಾಂ ನಿಂತುಬಿಡುತ್ತಿತ್ತು. ಇಲ್ಲದವನನ್ನು ತೆಗೆ ಎಂದರೆ ಸುಮ್ಮನಿರು ಎಂದು ಅವಳು ಬದಲಿಸಿದಳು. ಆಮೇಲೆ ಅದು ಸುಮ್ಮನಿರುತ್ತಿತ್ತು. ಇಪ್ಪತ್ತು ಹೆಸರುಗಳು ಹೋದವು, ಬಂದವು. ಪರದೆ ಹಸಿರಾಯಿತು. ಆ ಇಪ್ಪತ್ತೂ ಅವಳೇ ಯೋಚಿಸಿ ಬರೆದ ಹೆಸರುಗಳು. ಒಂದರಂತೆ ಇನ್ನೊಂದಿರಲಿಲ್ಲ.

ಒಪ್ಪಿದ ದಿನಕ್ಕೆ ಸರಿಯಾಗಿ ಅವಳು ಪ್ರೋಗ್ರಾಂ ಅನ್ನು ಕಳಿಸಿಕೊಟ್ಟಳು. ಕ್ವಾರಿಯನ್ನು ಅವಳು ನೋಡಿರಲಿಲ್ಲ. ನೋಡುವ ಅಗತ್ಯವಿದೆ ಎಂದು ಅವಳಿಗೂ ಅನ್ನಿಸಲಿಲ್ಲ, ಮಾಲೀಕನಿಗೂ ಅನ್ನಿಸಲಿಲ್ಲ. ಹಿತ್ತಾಳೆಯ ಬಿಲ್ಲೆಗಳನ್ನು ಒಂದು ಚೀಲದಲ್ಲಿ ಕಟ್ಟಿಟ್ಟರು.

ನಾಲ್ಕು ತಿಂಗಳು ಎಲ್ಲ ಸರಿಯಾಗಿ ನಡೆಯಿತು.

ಆ ಕ್ವಾರಿಯಲ್ಲಿ ಬೂದಿಹಾಳದ ಹುಲಿಗೆಪ್ಪ ಎಂಬವನಿದ್ದ. ಐದನೆಯ ತಿಂಗಳಲ್ಲಿ ಅದೇ ಊರಿನಿಂದ ಇನ್ನೊಬ್ಬ ಹುಲಿಗೆಪ್ಪ ಕೆಲಸಕ್ಕೆ ಸೇರಿದ. ಮೊದಲಿನವನು ಎತ್ತರದ ಆಳು, ಇವನು ಕುಳ್ಳ. ಊರವರಿಗೆ ಗೊಂದಲವಿರಲಿಲ್ಲ. ಒಬ್ಬನನ್ನು ಉದ್ದ ಹುಲಿಗೆಪ್ಪ ಎನ್ನುತ್ತಿದ್ದರು, ಇನ್ನೊಬ್ಬನನ್ನು ಗಿಡ್ಡ ಹುಲಿಗೆಪ್ಪ. ಗೇಟಿನವನು ಫೋನಿನಲ್ಲಿ ಇಬ್ಬರಿಗೂ ಹುಲಿಗೆಪ್ಪ, ಬೂದಿಹಾಳ ಎಂದೇ ಒತ್ತಿದ.

ಇಬ್ಬರೂ ಇಳಿದಾಗ ಪೈಥಾನ್ ತನ್ನ ನಿಯಮದಂತೆ ಕೇಳಿತು. ಈಗ ಬಂದವನು ಒಳಗಿರುವ ಯಾರಾದರೂ ಹೌದೇ? __eq__ ಹೌದು ಎಂದಿತು. ಸೆಟ್‌ನಲ್ಲಿ ಒಂದನ್ನೇ ಎರಡು ಸಲ ಇಡುವಂತಿಲ್ಲ. ಹೀಗೆ ನಲವತ್ತೊಂದು ಜನ ಇಳಿದರು, ಸೆಟ್‌ನಲ್ಲಿ ನಲವತ್ತು ಜನ ಉಳಿದರು. ಮಧ್ಯಾಹ್ನ ಇಬ್ಬರಲ್ಲಿ ಮೊದಲು ಯಾರು ಮೇಲೆ ಬಂದರೂ ಹುಲಿಗೆಪ್ಪ ಎಂಬ ಹೆಸರು ಹೋಗುತ್ತಿತ್ತು. ಎರಡನೆಯವನು ಬಂದಾಗ ಪ್ರೋಗ್ರಾಂ ಸುಮ್ಮನಿರುತ್ತಿತ್ತು. ಅದಕ್ಕೆ ಹಾಗೆ ಕಲಿಸಲಾಗಿತ್ತು. ಇಬ್ಬರೂ ಜೊತೆಯಲ್ಲೇ ಮೇಲೆ ಬರುತ್ತಿದ್ದುದರಿಂದ ಮೂರು ವಾರ ಯಾರಿಗೂ ಏನೂ ತಿಳಿಯಲಿಲ್ಲ.

ಗಿಡ್ಡ ಹುಲಿಗೆಪ್ಪನ ಹೆಂಡತಿ ದುರುಗವ್ವ. ಅವಳೂ ಅಲ್ಲೇ ಕೆಲಸಕ್ಕಿದ್ದಳು. ಕ್ವಾರಿಯ ಹೊರಗೆ, ದೂರದ ತಗಡಿನ ಮಾಡಿನ ಕೆಳಗೆ ಜಲ್ಲಿ ಒಡೆಯುತ್ತಿದ್ದಳು. ಸೈರನ್ ಕೂಗಿದಾಗ ಬುತ್ತಿ ಬಿಚ್ಚುತ್ತಿದ್ದಳು. ಗಂಡ ಬಂದ ಮೇಲೆ ಇಬ್ಬರೂ ಉಣ್ಣುತ್ತಿದ್ದರು.

ಒಂದು ದಿನ ಸೈರನ್ ಕೂಗಿತು. ಜನ ಮೇಲೆ ಬಂದರು. ಉದ್ದ ಹುಲಿಗೆಪ್ಪನೂ ಬಂದ. ಗಿಡ್ಡ ಹುಲಿಗೆಪ್ಪ ಬರಲಿಲ್ಲ.

ಕುಳಿ ಕೊರೆಯುವ ಯಂತ್ರದ ಗಾಳಿಯ ಪೈಪು ಕೆಳಗೇ ಉಳಿದಿತ್ತು. ಬಿಟ್ಟರೆ ಕಲ್ಲು ಬಿದ್ದು ಹಾಳಾಗುತ್ತದೆ ಎಂದು ಅವನು ಅದನ್ನು ಎಳೆಯಲು ಹಿಂದೆ ಹೋಗಿದ್ದ. ಒಂದು ಕಲ್ಲು ಜಾರಿತು. ಅವನ ಪಾದ ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡಿತು. ಮದ್ದು ತುಂಬಿದ ಕುಳಿಗಳು ಅವನಿಂದ ಹತ್ತು ಹೆಜ್ಜೆ ದೂರದಲ್ಲಿದ್ದವು. ಅವನು ಕೂಗಿದ. ಮೇಲೆ ಸೈರನ್ ಕೂಗುತ್ತಿತ್ತು.

ಆ ದಿನ ಮೋಡ ಕಟ್ಟಿತ್ತು. ಪಶ್ಚಿಮದಲ್ಲಿ ಗುಡುಗು ಕೇಳುತ್ತಿತ್ತು. ಮದ್ದು ತುಂಬಿದ ಮೇಲೆ ಸಿಡಿಲು ಹತ್ತಿರ ಬಂದರೆ ಯಾರೂ ಗುಂಡಿ ಒತ್ತದಿದ್ದರೂ ಬಂಡೆ ಸಿಡಿಯಬಹುದು. ಮೌಲಾಸಾಬನಿಗೆ ಅದು ಗೊತ್ತಿತ್ತು. ಬೇಗ ಮುಗಿಸುವುದೇ ಎಲ್ಲರಿಗೂ ಕ್ಷೇಮ ಎಂದು ಅವನು ಗೇಟಿನವನನ್ನು ಕೇಳಿದ. ಗೇಟಿನವನು ಫೋನ್ ತೋರಿಸಿದ. ಪರದೆ ಹಸಿರಾಗಿತ್ತು. ಮೌಲಾಸಾಬ್ ಸಿಡಿಸುವ ಪೆಟ್ಟಿಗೆಗೆ ತಂತಿ ಜೋಡಿಸಿ, ಕೀಲಿ ಹಾಕಿದ.

ಆಗ ದುರುಗವ್ವ ಓಡಿ ಬಂದಳು.

"ಅಣ್ಣಾ, ನಿಲ್ರಿ. ನಮ್ಮ ಮನಿಯವ್ರು ಇನ್ನೂ ಮ್ಯಾಲ ಬಂದಿಲ್ಲ."

"ಎಲ್ಲಾರೂ ಬಂದಾರವ್ವ. ಹಸರು ಆಗೈತಿ ನೋಡು" ಎಂದ ಗೇಟಿನವನು. "ಯಾರು ನಿಮ್ಮವರು? ಹೆಸರು ಹೇಳು, ಪಟ್ಟ್ಯಾಗ ನೋಡ್ತೀನಿ."

ದುರುಗವ್ವ ಗಂಡನ ಹೆಸರನ್ನು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ಅವಳ ಕಡೆಯ ಹೆಂಗಸರು ಯಾರೂ ಹೇಳುತ್ತಿರಲಿಲ್ಲ. ಆ ದಿನ ಹೇಳಿದಳು.

"ಹುಲಿಗೆಪ್ಪ."

"ಹುಲಿಗೆಪ್ಪ ಹೊರಗ ಬಂದಾನ. ಇಲ್ಲೇ ತೋರಿಸೈತಿ. ಪಟ್ಟ್ಯಾಗ ಇರೋದು ಒಬ್ಬನ ಹುಲಿಗೆಪ್ಪ."

"ಪಟ್ಟ್ಯಾಗ ಒಬ್ಬ ಇರಬಹುದು. ನಮ್ಮೂರಾಗ ಇಬ್ಬರದಾರ. ಬಂದಾವ ಉದ್ದನ್ನಾವ. ನನ್ನ ಗಂಡ ಅಲ್ಲ."

ಗುಡುಗು ಹತ್ತಿರ ಬಂತು. ಗೇಟಿನವನು ಅವಳ ತೋಳು ಹಿಡಿದು ಪಕ್ಕಕ್ಕೆ ಎಳೆದ. ಅವಳು ಕೊಸರಿಕೊಂಡು ಹೋಗಿ ಸಿಡಿಸುವ ಪೆಟ್ಟಿಗೆಯನ್ನು ಎರಡೂ ಕೈಯಿಂದ ತಬ್ಬಿ ಕುಳಿತಳು.

"ಅವರ ಮಾರಿ ನೋಡೂತನಕ ನಾ ಏಳೂದಿಲ್ಲ. ಒತ್ತೂದಿದ್ರ ನನ್ನ ಕೈ ಮುರದು ಒತ್ರಿ."

ಮೌಲಾಸಾಬ್ ಅವಳನ್ನು ನೋಡಿದ. ಫೋನನ್ನೂ ನೋಡಿದ. ಅವನು ಇಪ್ಪತ್ತಾರು ವರ್ಷ ಮದ್ದಿನ ಕೆಲಸ ಮಾಡಿದವನು. ಕೀಲಿ ತೆಗೆದು ಜೇಬಿಗೆ ಹಾಕಿಕೊಂಡ. ತಂತಿಗಳನ್ನು ಪೆಟ್ಟಿಗೆಯಿಂದ ಬಿಚ್ಚಿ, ಮದ್ದಿಗೆ ಕರೆಂಟು ಹರಿಯದಂತೆ ಎರಡು ತುದಿಗಳನ್ನೂ ಒಂದಕ್ಕೊಂದು ಹೊಸೆದ. "ಎಲ್ಲಾರೂ ದೂರ ಇರ್ರಿ, ನಾ ಇಳೀತೀನಿ" ಎಂದು ಒಂದು ಹಾರೆ ಎತ್ತಿಕೊಂಡ.

ದೂರದಲ್ಲಿ ನಿಂತಿದ್ದ ಉದ್ದ ಹುಲಿಗೆಪ್ಪನಿಗೆ ವಿಷಯ ತಿಳಿಯಿತು. ಅವನು ಯಾರನ್ನೂ ಕೇಳದೆ ಮೌಲಾಸಾಬನ ಹಿಂದೆ ಇಳಿದ.

ಇಬ್ಬರೂ ಹಾರೆ ಹಾಕಿ ಬಂಡೆ ಮೀಟಿದರು. ಮೊದಲ ಸಲ ಅದು ಅಲುಗಲಿಲ್ಲ. ಎರಡನೆಯ ಸಲವೂ ಅಲುಗಲಿಲ್ಲ. ಮಳೆಯ ಹನಿ ಬೀಳತೊಡಗಿತು. ಗಿಡ್ಡ ಹುಲಿಗೆಪ್ಪ, "ನೀವು ಹೋಗ್ರಿ, ಸಿಡಿಲ ಬರಾಕತ್ತೈತಿ" ಎಂದ. ಇಬ್ಬರೂ ಮತ್ತೆ ಹಾರೆ ಹಾಕಿದರು. ಮೂರನೆಯ ಸಲ ಬಂಡೆ ನಾಲ್ಕು ಬೆರಳು ಮೇಲೆದ್ದಿತು. ಉದ್ದ ಹುಲಿಗೆಪ್ಪ ಅವನನ್ನು ಬೆನ್ನ ಮೇಲೆ ಹೊತ್ತು ಮೇಲೆ ತಂದ.

ದುರುಗವ್ವ ಗಂಡನ ಮುಖ ನೋಡಿದ ಮೇಲೆ ಪೆಟ್ಟಿಗೆಯಿಂದ ಕೈ ತೆಗೆದಳು.

ಮೌಲಾಸಾಬ್ ಫೋನಿನ ಕಡೆ ತಿರುಗಲಿಲ್ಲ. ನಲವತ್ತೊಂದು ಜನರನ್ನೂ ಒಬ್ಬೊಬ್ಬರಾಗಿ ಮುಖ ನೋಡಿ ಎಣಿಸಿದ. ಆಮೇಲೆ ಸಿಡಿಸಿದ. ಹೊಗೆ ಕರಗಿದಾಗ, ಗಿಡ್ಡ ಹುಲಿಗೆಪ್ಪ ಸಿಕ್ಕಿಕೊಂಡಿದ್ದ ಜಾಗ ಎರಡು ಆಳೆತ್ತರದ ಕಲ್ಲಿನ ಕೆಳಗೆ ಹೂತುಹೋಗಿತ್ತು.

ಸುದ್ದಿ ತಿಳಿದು ಮರುದಿನ ಬೆಳಿಗ್ಗೆ ದಾಕ್ಷಾಯಣಿ ಕ್ವಾರಿಗೆ ಬಂದಳು. ಬಂದು ಗೇಟಿನ ಪಕ್ಕದ ಕಲ್ಲಿನ ಮೇಲೆ ಕುಳಿತು ಪ್ರೋಗ್ರಾಂ ತೆರೆದಳು. ಒಬ್ಬ ಹುಲಿಗೆಪ್ಪನನ್ನು ಒಳಗೆ ಕಳಿಸಿದಳು. ಎಣಿಕೆ ಒಂದು ಎಂದಿತು. ಇನ್ನೊಬ್ಬನನ್ನು ಕಳಿಸಿದಳು. ಎಣಿಕೆ ಒಂದು ಎಂದೇ ಇತ್ತು. ಅವಳು ತಾನು ಬರೆದ ಸಾಲನ್ನು ಓದಿದಳು. ಪೈಥಾನ್ ಅವಳನ್ನು ಕೇಳಿದ್ದು, ಇವನು ಅವನೇ ಹೌದೇ ಎಂದು. ಅವಳು ಹೇಳಿದ್ದು, ಇವನ ಹೆಸರು ಅವನ ಹೆಸರೇ ಹೌದು ಎಂದು.

ಮಾಲೀಕ ಬಂದ. ಅವನಿಗೆ ಕೆಲಸ ನಿಲ್ಲಬಾರದಿತ್ತು.

"ಇದೇನು ದೊಡ್ಡ ವಿಷಯ ಅಲ್ಲ ಬಿಡಮ್ಮ. ಗಿಡ್ಡನ್ನಾವನ ಹೆಸರು ಹುಲಿಗೆಪ್ಪ ಎರಡು ಅಂತ ಬದಲಿ ಮಾಡು. ಮಧ್ಯಾಹ್ನ ಸಿಡಿಸೂದೈತಿ."

"ತಪ್ಪಿರೋದು ಅವರ ಹೆಸರಿನ್ಯಾಗ ಅಲ್ರಿ. ನನ್ನ ಸಾಲಿನ್ಯಾಗ" ಎಂದಳು ದಾಕ್ಷಾಯಣಿ. ಅವನ ಎದುರಿಗೇ ಫೋನಿನಿಂದ ಪ್ರೋಗ್ರಾಂ ಅನ್ನು ಅಳಿಸಿಹಾಕಿದಳು. "ನಾ ಹೊಸದು ತರೂತನಕ ಬಿಲ್ಲೆ ಹಚ್ರಿ."

ಮಾಲೀಕ ರೇಗಿದ. ಬೇರೆಯವರ ಕೈಯಲ್ಲಿ ಮಾಡಿಸುತ್ತೇನೆ ಎಂದ. ಅಲ್ಲೇ ನಿಂತಿದ್ದ ಮೌಲಾಸಾಬ್, "ಯಾರ ಕೈಲೆ ಮಾಡಿಸಿದ್ರೂ ಒತ್ತಾವ ನಾನ ಸಾಹೇಬ್ರ. ನನಗ ನಂಬಿಕಿ ಬರೂತನಕ ಒತ್ತೂದಿಲ್ಲ" ಎಂದ. ಬಿಲ್ಲೆಗಳ ಚೀಲವನ್ನು ಬಿಚ್ಚಿದರು.

ದಾಕ್ಷಾಯಣಿ ಅಲ್ಲಿಂದ ಆಸ್ಪತ್ರೆಗೆ ಹೋದಳು. ಗಿಡ್ಡ ಹುಲಿಗೆಪ್ಪನ ಪಾದದ ಎರಡು ಬೆರಳುಗಳನ್ನು ತೆಗೆದಿದ್ದರು. ಅವನು ನಿದ್ದೆಯಲ್ಲಿದ್ದ. ದುರುಗವ್ವ ಹಾಸಿಗೆಯ ಪಕ್ಕ ನೆಲದ ಮೇಲೆ ಕುಳಿತಿದ್ದಳು. ದಾಕ್ಷಾಯಣಿಯೂ ನೆಲದ ಮೇಲೆ ಕುಳಿತಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದಳು. ಅದೆಲ್ಲ ಮರೆತುಹೋಯಿತು.

"ಇಬ್ಬರೂ ಒಬ್ಬನ ಅಂತ ಬರದಾಕಿ ನಾನ ರೀ ಅಕ್ಕ."

ದುರುಗವ್ವ ಅವಳ ಕಡೆ ತಿರುಗಿದಳು.

"ನೀ ನಮ್ಮನ್ನ ನೋಡಿದ್ದಿಲ್ಲ" ಎಂದಳು. "ಈಗ ನೋಡಿದಿ. ಹೋಗಿ ಬರಿ."

ಮುಂದಿನ ಒಂಬತ್ತು ದಿನ ದಾಕ್ಷಾಯಣಿ ಬೇರೆ ಕೆಲಸ ಮುಟ್ಟಲಿಲ್ಲ. ದಿನಾ ಮೊದಲ ಬಸ್ಸಿಗೆ ಕ್ವಾರಿಗೆ ಬರುತ್ತಿದ್ದಳು. ಗೇಟಿನಲ್ಲಿ ನಿಂತು ಒಬ್ಬೊಬ್ಬರನ್ನೂ ಮಾತಾಡಿಸಿದಳು. ಹೆಸರಿನ ಜೊತೆ ತಂದೆಯ ಹೆಸರು ಸೇರಿಸಿದರೆ ಸಾಕೇ ಎಂದು ನೋಡಿದಳು. ಇಬ್ಬರು ಹುಲಿಗೆಪ್ಪರ ತಂದೆಯರ ಹೆಸರೂ ಯಮನಪ್ಪ ಎಂದಿತ್ತು. ವಯಸ್ಸು ಕೇಳಿದಳು. ಅರ್ಧ ಜನಕ್ಕೆ ವಯಸ್ಸು ಗೊತ್ತಿರಲಿಲ್ಲ, ಉಳಿದರ್ಧ ಜನ ಮೂವತ್ತು ಎಂದರು. ಆಧಾರ್ ಕಾರ್ಡ್ ಕೇಳಿದಳು. ಕೆಲವರ ಬಳಿ ಕಾರ್ಡೇ ಇರಲಿಲ್ಲ, ಆರು ಜನರ ಕಾರ್ಡಿನಲ್ಲಿ ಹೆಸರು ಬೇರೆ, ಕರೆಯುವ ಹೆಸರು ಬೇರೆ. ಒಬ್ಬ ಮನುಷ್ಯನನ್ನು ಇನ್ನೊಬ್ಬನಿಂದ ಬೇರೆ ಮಾಡುವುದು ಏನು ಎಂದು ಅವಳು ಅದುವರೆಗೆ ಯೋಚಿಸಿಯೇ ಇರಲಿಲ್ಲ. ಯೋಚಿಸದೆ ಅರ್ಧ ನಿಮಿಷದಲ್ಲಿ ಬರೆದಿದ್ದಳು.

ಕೊನೆಗೆ ಒಂದು ನಿರ್ಧಾರಕ್ಕೆ ಬಂದಳು. ಕೆಲಸಕ್ಕೆ ಸೇರಿದವನಿಗೆ ಒಂದು ಸಂಖ್ಯೆ. ಅದನ್ನು ಅವನ ಹೆಲ್ಮೆಟ್ಟಿನ ಮೇಲೆ ಬಣ್ಣದಲ್ಲಿ ಬರೆಯಬೇಕು. ಅವನು ಕೆಲಸ ಬಿಟ್ಟುಹೋದರೂ ಆ ಸಂಖ್ಯೆಯನ್ನು ಇನ್ನೊಬ್ಬನಿಗೆ ಕೊಡಬಾರದು. ಸಂಖ್ಯೆ ಒಂದೇ ಆದರೆ ಮಾತ್ರ ಮನುಷ್ಯ ಒಬ್ಬನೇ ಎಂದು __eq__ ಅನ್ನು ಮತ್ತೆ ಬರೆದಳು. __hash__ ಗೂ ಅದೇ ಸಂಖ್ಯೆ. ಒಮ್ಮೆ ಕೊಟ್ಟ ಸಂಖ್ಯೆಯನ್ನು ಪ್ರೋಗ್ರಾಂ ಓಡುವಾಗ ಯಾರೂ ಬದಲಿಸದಂತೆ ಮಾಡಿದಳು.

ಸುಮ್ಮನಿರು ಎಂದು ಹೇಳಿದ ಜಾಗವನ್ನೂ ಹುಡುಕಿ ತೆಗೆದಳು. ಒಳಗೆ ಇಲ್ಲದವನನ್ನು ಹೊರಗೆ ತಂದರೂ, ಒಳಗಿರುವವನನ್ನೇ ಮತ್ತೆ ಒಳಗೆ ಕಳಿಸಿದರೂ ಫೋನು ಜೋರಾಗಿ ಕೂಗಿಕೊಳ್ಳಬೇಕು. ಗೇಟಿನವನಿಗೆ ಕಿರಿಕಿರಿಯಾದರೆ ಆಗಲಿ ಎಂದಳು. ಪರದೆಯ ಮೇಲೆ ಮನುಷ್ಯ ಹೇಗೆ ಕಾಣಬೇಕೆಂದು ಹೇಳುವ __str__ ಅನ್ನು ಮೊದಲು ಬರೆದೇ ಇರಲಿಲ್ಲ. ಈಗ ಬರೆದಳು. ಸಂಖ್ಯೆ ಮೊದಲು, ಆಮೇಲೆ ಊರವರು ಕರೆಯುವ ಹೆಸರು. ನಲವತ್ತೊಂದು, ಗಿಡ್ಡ ಹುಲಿಗೆಪ್ಪ, ಬೂದಿಹಾಳ. ಪ್ರತಿಯೊಬ್ಬನನ್ನೂ ಮನೆಯವರು, ಜೊತೆಗಾರರು ಏನೆಂದು ಕರೆಯುತ್ತಾರೆ ಎಂದು ಕೇಳಿ ಬರೆದುಕೊಂಡಿದ್ದಳು.

ಹತ್ತನೆಯ ದಿನ ಹೊಸದನ್ನು ತಂದಳು. ಮೌಲಾಸಾಬ್ ಅದನ್ನು ಕೈಯಲ್ಲಿ ಹಿಡಿದು ನೋಡಿದ.

"ಇದನ್ನ ಹ್ಯಾಂಗ ನಂಬಲಿ?" ಎಂದು ಕೇಳಿದ.

"ನಾನೂ ಒಳಗ ಇಳೀತೀನ್ರಿ" ಎಂದಳು ದಾಕ್ಷಾಯಣಿ.

ಅವಳಿಗೆ ನಲವತ್ತೆರಡು ಎಂದು ಬರೆದ ಹೆಲ್ಮೆಟ್ ಕೊಟ್ಟರು. ಗೇಟಿನವನು ಹೆಸರು ಕೇಳಿದ. "ಹುಲಿಗೆಪ್ಪ, ಬೂದಿಹಾಳ ಅಂತ ಬರೀರಿ" ಎಂದಳು. ಸುತ್ತ ನಿಂತವರು ನಕ್ಕರು. ಅವಳು ನಗಲಿಲ್ಲ. ಗೇಟಿನವನು ಹಾಗೆಯೇ ಬರೆದ. ಉದ್ದ ಹುಲಿಗೆಪ್ಪನೂ ಅದೇ ಹೆಸರಿನಲ್ಲಿ ಇಳಿದ.

ಸೈರನ್ ಕೂಗಿತು. ಜನ ಮೇಲೆ ಹೋದರು. ದಾಕ್ಷಾಯಣಿ ತಳದಲ್ಲೇ ನಿಂತಳು. ಕುಳಿಗಳಲ್ಲಿ ಮದ್ದು ತುಂಬಿತ್ತು. ಕೀಲಿ ಮೌಲಾಸಾಬನ ಜೇಬಿನಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ತಾನು ಕೂಗಿದರೆ ಯಾರಿಗೂ ಕೇಳುವುದಿಲ್ಲ ಎಂಬುದು ಆ ಸೈರನ್ನಿನ ಸದ್ದಿನೊಳಗೆ ನಿಂತಾಗ ಅವಳಿಗೆ ತಿಳಿಯಿತು. ಆದರೂ ಓಡಬೇಕೆನ್ನಿಸಿತು. ಓಡಲಿಲ್ಲ.

ಮೇಲೆ ಉದ್ದ ಹುಲಿಗೆಪ್ಪ ಗೇಟು ದಾಟಿದ. ಒಬ್ಬೊಬ್ಬರಾಗಿ ನಲವತ್ತು ಜನರೂ ದಾಟಿದರು. ಪ್ರತಿ ಸಲವೂ ಪೈಥಾನ್ ಇವನು ಯಾರು ಎಂದು ಕೇಳಿತು, ಅವಳು ಬರೆದಿಟ್ಟ ಉತ್ತರವನ್ನು ತೆಗೆದುಕೊಂಡಿತು. ಕೊನೆಯವನು ದಾಟಿದ ಮೇಲೆ ಮೌಲಾಸಾಬ್ ಫೋನ್ ನೋಡಿದ. ಪರದೆ ಕೆಂಪಾಗಿತ್ತು. ಒಳಗೆ ಒಬ್ಬರು. ನಲವತ್ತೆರಡು, ಹುಲಿಗೆಪ್ಪ, ಬೂದಿಹಾಳ.

ಅವನು ಸೈರನ್ ನಿಲ್ಲಿಸಿ, ಅಂಚಿಗೆ ಬಂದು ಕೈ ಬೀಸಿದ. ದಾಕ್ಷಾಯಣಿ ಮೇಲೆ ಹತ್ತಿ ಬಂದಳು. ಅವಳು ಗೇಟು ದಾಟಿದಾಗ ಪರದೆ ಹಸಿರಾಯಿತು. ಆಮೇಲೆ ಮೌಲಾಸಾಬ್ ಕೀಲಿ ಹೊರತೆಗೆದ.

ಎರಡು ತಿಂಗಳ ನಂತರ ಒಂದು ದಿನ ಪರದೆ ಹಸಿರಾಗಲೇ ಇಲ್ಲ. ಒಬ್ಬ ಡ್ರೈವರ್ ಗೇಟಿಗೆ ಹೇಳದೆ ಬೇರೆ ದಾರಿಯಿಂದ ಹೊರಗೆ ಹೋಗಿದ್ದ. ಮುಕ್ಕಾಲು ಗಂಟೆ ಕ್ವಾರಿಯನ್ನೆಲ್ಲ ಹುಡುಕಿದರು. ಮಾಲೀಕ ದಾಕ್ಷಾಯಣಿಗೆ ಫೋನ್ ಮಾಡಿ ಕೂಗಾಡಿದ. ಅವಳು ಪೂರ್ತಿ ಕೇಳಿ, ಡ್ರೈವರ್ ಸಿಕ್ಕನೇ ಎಂದಷ್ಟೇ ವಿಚಾರಿಸಿದಳು. ಸಿಕ್ಕ ಎಂದಾಗ, ಹಾಗಾದರೆ ಈಗ ಸಿಡಿಸಿ ಎಂದಳು. ಮರುತಿಂಗಳು ಗಿಡ್ಡ ಹುಲಿಗೆಪ್ಪ ಕುಂಟುತ್ತಾ ಕೆಲಸಕ್ಕೆ ಬಂದ. ತನ್ನ ಸಂಖ್ಯೆಯ ಹೆಲ್ಮೆಟ್ ಹಾಕಿಕೊಂಡು ಕುಳಿ ಕೊರೆಯಲು ಇಳಿದ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಸಂಗನಬಸವ ತನ್ನ ಪರದೆಯ ಕಡೆ ನೋಡಿದ. ಆ ಒಂದು ಸಾಲು ಅಲ್ಲೇ ಇತ್ತು. ಅವನು ಅದನ್ನು ಬಿಟ್ಟುಕೊಡಲು ಸಿದ್ಧನಿರಲಿಲ್ಲ.

"ನಾನು ಬರೀ ಹೆಸರನ್ನು ನಂಬಿಲ್ಲ ಗುರುಗಳೇ. ಹುಟ್ಟಿದ ತಾರೀಖನ್ನೂ ಸೇರಿಸಿದ್ದೇನೆ. ಅಲ್ಲಿರುವುದು ನೂರಿಪ್ಪತ್ತು ಮಕ್ಕಳು. ಹೆಸರೂ ಒಂದೇ, ತಾರೀಖೂ ಒಂದೇ ಆದ ಇಬ್ಬರು ಅಷ್ಟರಲ್ಲಿ ಸಿಗುವುದು ಸಾಧ್ಯವೇ ಇಲ್ಲ."

ಗುರುಗಳು ಹೇಳಿದರು, "ಮಗುವನ್ನು ಹುಡುಕಿಕೊಂಡು ಬಂದ ತಾಯಿಗೆ ಈ ಮಾತನ್ನು ನೀನೇ ಹೇಳುತ್ತೀಯಾ?"